ಅಪ್ಪನ ತಕ್ಕಡಿ, ನನ್ನ ಪಿಎಚ್‌.ಡಿ.

ಮದುವೆ ಮನೆಯಲ್ಲಿ ಯಾರಾದರೂ "ಏನು ಕೆಲಸ ಮಾಡ್ತೀಯಮ್ಮ?" ಅಂತ ಕೇಳಿದರೆ ನನಗೆ ಸಣ್ಣ ಸಂಕಟ. "ಯೂನಿವರ್ಸಿಟಿಯಲ್ಲಿ ಆಹಾರ ನೀತಿ ಬಗ್ಗೆ ಸಂಶೋಧನೆ ಮಾಡ್ತೀನಿ" ಅಂದೆ ಅಂತಿಟ್ಟುಕೊಳ್ಳಿ, ಎದುರಿಗಿದ್ದವರ ಮುಖ ಅರಳಿಬಿಡುತ್ತದೆ. "ಹೌದಾ! ಹಾಗಿದ್ರೆ ಹೇಳು, ಶುಗರ್ ಇರೋರು ರಾತ್ರಿ ಚಪಾತಿ ತಿನ್ನಬೇಕೋ ಮುದ್ದೆ ತಿನ್ನಬೇಕೋ?" ಹೋದ ವರ್ಷ ಸಂಬಂಧದಲ್ಲಿ ಅತ್ತೆಯಾಗಬೇಕಾದ ಒಬ್ಬರು ಊಟದ ಪಂಕ್ತಿಯಲ್ಲೇ ತಮ್ಮ ರಕ್ತಪರೀಕ್ಷೆಯ ರಿಪೋರ್ಟನ್ನು ಬ್ಯಾಗಿನಿಂದ ತೆಗೆದು ನನ್ನ ಎಲೆಯ ಪಕ್ಕ ಇಟ್ಟರು. ನಾನು ಡಯೆಟಿಷಿಯನ್ ಅಲ್ಲ, ಡಾಕ್ಟರೂ ಅಲ್ಲ ಅಂತ ಹೇಳುವಷ್ಟರಲ್ಲಿ ಹೋಳಿಗೆ ಬಂತು. ಸದ್ಯ, ಬಚಾವಾದೆ.

ಅಡುಗೆಮನೆಗೂ ನನ್ನ ಕೆಲಸಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ಆದರೆ ಒಲೆಯ ಹತ್ತಿರ ನಾನು ಬರುವುದು ಕಟ್ಟಕಡೆಗೆ. ಅದಕ್ಕೂ ಮೊದಲು ರೈತನ ಕಣದಿಂದ ಗಿರಣಿಗೆ, ಗಿರಣಿಯಿಂದ ಸರ್ಕಾರಿ ಗೋದಾಮಿಗೆ, ಅಲ್ಲಿಂದ ಲಾರಿಯಲ್ಲಿ ಹಳ್ಳಿಯ ನ್ಯಾಯಬೆಲೆ ಅಂಗಡಿಗೆ, ಕೊನೆಗೆ ಯಾರದೋ ತಲೆಯ ಮೇಲೋ ಸೈಕಲ್ ಕ್ಯಾರಿಯರ್ ಮೇಲೋ ಮನೆಗೆ ಹೋಗುವ ಅಕ್ಕಿಯ ದಾರಿ ಇದೆಯಲ್ಲ, ಆ ದಾರಿಯಲ್ಲಿ ಎಷ್ಟು ಹೊರಟಿತು, ಎಷ್ಟು ಮುಟ್ಟಿತು, ನಡುವೆ ಏನಾಯ್ತು ಅಂತ ನೋಡುವುದು ನನ್ನ ಕೆಲಸ. ವರ್ಷದಲ್ಲಿ ಎಂಟು ತಿಂಗಳು ಕಂಪ್ಯೂಟರ್ ಮುಂದೆ ಅಂಕಿಗಳ ಜೊತೆ ಗುದ್ದಾಟ. ಉಳಿದ ನಾಲ್ಕು ತಿಂಗಳು ಬಸ್ಸು, ಧೂಳು, ಪ್ರಶ್ನಾವಳಿ, ಮತ್ತು ಪ್ರತಿ ಮನೆಯಲ್ಲೂ "ಒಂಚೂರು ಟೀ ಕುಡ್ಕೊಂಡು ಹೋಗವ್ವ". ದಿನಕ್ಕೆ ಹತ್ತು ಟೀ ಕುಡಿದು ನನಗೇ ಗ್ಯಾಸ್ಟ್ರಿಕ್ ಹಿಡಿದಿದೆ. ಸಂಬಳದ ವಿಷಯ ಬೇಡ ಬಿಡಿ. ಫೆಲೋಶಿಪ್ ದುಡ್ಡು ಯಾವ ತಿಂಗಳು ಬರುತ್ತದೆ ಅನ್ನುವುದರ ಮೇಲೂ ಒಂದು ಸಂಶೋಧನೆ ಮಾಡಬಹುದು.

ಈ ಕೆಲಸವನ್ನು ಏಕೆ ಆರಿಸಿಕೊಂಡೆ ಅಂತ ಸಂದರ್ಶನಗಳಲ್ಲಿ ಕೇಳಿದಾಗ "ಹಸಿವಿನ ಬಗ್ಗೆ ಕಾಳಜಿ" ಅಂತ ಹೇಳುತ್ತಾ ಬಂದೆ. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ನಾನು ರೇಷನ್ ಅಂಗಡಿಯವರ ಮಗಳು.

ತುಮಕೂರು ಜಿಲ್ಲೆಯ ನಮ್ಮ ಊರಿನಲ್ಲಿ 1989ರಿಂದ 2009ರವರೆಗೆ ಅಪ್ಪನೇ ನ್ಯಾಯಬೆಲೆ ಅಂಗಡಿ ನಡೆಸಿದ್ದು. ಲೈಸೆನ್ಸ್ ಅಪ್ಪನ ಹೆಸರಿನದ್ದೇ ಆದರೂ ಊರವರ ಬಾಯಲ್ಲಿ ಅದು "ಸೊಸೈಟಿ". ಮನೆಯ ಮುಂದಿನ ಕೋಣೆಯೇ ಅಂಗಡಿ. ಹಾಗಾಗಿ ನನ್ನ ಬಾಲ್ಯಕ್ಕೆ ಒಂದು ವಾಸನೆ ಇದೆ: ಸೀಮೆಎಣ್ಣೆ ಮತ್ತು ಹೊಸ ಗೋಣಿಚೀಲ ಸೇರಿದ ವಾಸನೆ. ಸ್ಟಾಕು ಬಂದ ದಿನ ಬೆಳಗಿನ ಜಾವವೇ ಬಾಗಿಲ ಮುಂದೆ ಕ್ಯೂ. ಮನುಷ್ಯರದ್ದಲ್ಲ, ಡಬ್ಬ, ಕಲ್ಲು, ಹಳೇ ಚಪ್ಪಲಿಗಳದ್ದು. ಜಾಗಕ್ಕೆ ಒಂದು ಗುರುತಿಟ್ಟು ಹೆಂಗಸರು ಮನೆಗೆ ಹೋಗಿ ಸಾರಿಗಿಟ್ಟು ಬರುತ್ತಿದ್ದರು. ನಾನೂ ನನ್ನ ತಮ್ಮನೂ ಆ ಕಲ್ಲುಗಳ ಜಾಗ ಬದಲಾಯಿಸಿ ದೊಡ್ಡ ಜಗಳ ಹಚ್ಚಿದ್ದು ಒಂದು ಸಲ ಮಾತ್ರ. ಅವತ್ತು ಅವ್ವನ ಕೈಲಿ ಬಿದ್ದ ಏಟು ಇನ್ನೂ ನೆನಪಿದೆ.

ಕಿಟಕಿಯ ಪಕ್ಕ ಸೂರಿನ ತೊಲೆಗೆ ನೇತುಹಾಕಿದ ತಕ್ಕಡಿ. ಎರಡು ಕಬ್ಬಿಣದ ತಟ್ಟೆ, ಸಾಲಾಗಿ ಜೋಡಿಸಿದ ತೂಕದ ಕಲ್ಲು. ರಜೆಯಲ್ಲಿ ರಿಜಿಸ್ಟರ್ ಬರೆಯುವುದು ನನ್ನ ಪಾಲಿಗೆ. ಕಾರ್ಡು ನಂಬರು, ಹೆಸರು, ಅಕ್ಕಿ, ಗೋಧಿ, ಸಕ್ಕರೆ, ಸೀಮೆಎಣ್ಣೆ, ಸಹಿ ಅಥವಾ ಹೆಬ್ಬೆಟ್ಟು. 1997ರಲ್ಲಿ ಕಾರ್ಡುಗಳನ್ನು ಬಡತನದ ರೇಖೆಗಿಂತ ಕೆಳಗಿನವರು, ಮೇಲಿನವರು ಅಂತ ಎರಡು ಮಾಡಿದ್ದು, ಆಮೇಲೆ ಕಡುಬಡವರಿಗೆ ಅಂತ ಅಂತ್ಯೋದಯ ಬಂದದ್ದು ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ರಿಜಿಸ್ಟರಿಗೆ ಹೊಸ ಗೆರೆ ಎಳೆಯಬೇಕಾಗಿ ಬಂದು ಗೊತ್ತಾದದ್ದು. ಅಂತ್ಯೋದಯಕ್ಕೆ 2002ರಿಂದ ತಿಂಗಳಿಗೆ 35 ಕಿಲೋ. ನಾನು "35" ಅಂತ ಬರೆಯುತ್ತಿದ್ದೆ. ಅಪ್ಪ ತೂಗುತ್ತಿದ್ದರು. ತಟ್ಟೆಯ ಕಡೆ ನಾನು ನೋಡುತ್ತಿರಲಿಲ್ಲ. ನೋಡಬಾರದು ಅಂತ ಯಾರೂ ಹೇಳಿರಲಿಲ್ಲ, ಆದರೂ ನೋಡುತ್ತಿರಲಿಲ್ಲ.

ಹೈಸ್ಕೂಲಿನಲ್ಲಿ ಒಂದು ದಿನ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ, ಹೊಸ ಜಾಮಿಟ್ರಿ ಬಾಕ್ಸು ತೋರಿಸಿದ್ದಕ್ಕೆ, "ನಮ್ಮ ಅಕ್ಕಿಲಿ ತಂದಿದ್ದು ಅಲ್ವಾ?" ಅಂದಳು. ಸಿಟ್ಟಿನಿಂದಲ್ಲ, ಮನೆಯಲ್ಲಿ ದೊಡ್ಡವರು ಆಡಿದ ಮಾತನ್ನು ಹಾಗೇ ಹೇಳಿದಳು, ಅಷ್ಟೆ. ನಾನು ಅದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಎಂ.ಎ. ಮುಗಿಸಿ, ನಾಲ್ಕೈದು ವರ್ಷ ಬೇರೆ ಬೇರೆ ಕಡೆ ಕೆಲಸ ಮಾಡಿ, ತಡವಾಗಿ ಪಿಎಚ್‌.ಡಿ.ಗೆ ಸೇರಿದಾಗ ನಮ್ಮ ಗೈಡ್ ಕೊಟ್ಟ ವಿಷಯ "ಪಡಿತರ ವ್ಯವಸ್ಥೆಯಲ್ಲಿ ಸೋರಿಕೆ". ಬೇರೆ ವಿಷಯ ಕೇಳಬಹುದಿತ್ತು. ಕೇಳಲಿಲ್ಲ.

ಸೋರಿಕೆ ಅಂದರೆ ಏನು, ಅದನ್ನು ಹೇಗೆ ಅಳೆಯುತ್ತಾರೆ ಅಂತ ಸ್ವಲ್ಪ ಹೇಳಬೇಕು. ಒಂದು ಕಡೆ ರಾಜ್ಯ ಸರ್ಕಾರ ಕೇಂದ್ರದ ಗೋದಾಮಿನಿಂದ ಎತ್ತಿದ ಧಾನ್ಯದ ಲೆಕ್ಕ ಇರುತ್ತದೆ. ಇನ್ನೊಂದು ಕಡೆ, ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಮನೆಮನೆಗೆ ಹೋಗಿ ಕಳೆದ ತಿಂಗಳು ಏನೇನು ತಿಂದಿರಿ, ಅದರಲ್ಲಿ ರೇಷನ್ನಿನದು ಎಷ್ಟು ಅಂತ ಕೇಳಿ ಬರೆದುಕೊಂಡ ಲೆಕ್ಕ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದು ಸೋರಿಕೆ. ಅರ್ಥಶಾಸ್ತ್ರಜ್ಞರಾದ ಜಾನ್ ಡ್ರೇಜ್ ಮತ್ತು ರೀತಿಕಾ ಖೇರಾ ಹೀಗೆ ಲೆಕ್ಕ ಹಾಕಿದಾಗ ಇಡೀ ದೇಶದಲ್ಲಿ 2004-05ರಲ್ಲಿ ಶೇ 54ರಷ್ಟು ಧಾನ್ಯ ಮನೆ ಮುಟ್ಟಿರಲಿಲ್ಲ. 2011-12ರ ಹೊತ್ತಿಗೆ ಅದು ಶೇ 42ಕ್ಕೆ ಇಳಿದಿತ್ತು. ಅಂದರೆ ಅಪ್ಪ ಅಂಗಡಿ ನಡೆಸುತ್ತಿದ್ದ ಕಾಲದಲ್ಲಿ ದೇಶದ ರೇಷನ್ನಿನಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿಯಲ್ಲೇ ಕರಗುತ್ತಿತ್ತು. ಆ ಕೋಷ್ಟಕ ನೋಡಿದ ರಾತ್ರಿ ಲೈಬ್ರರಿಯಿಂದ ಹಾಸ್ಟೆಲ್‌ಗೆ ನಡೆದು ಬರುವಾಗ ನನಗೆ ಆ ಜಾಮಿಟ್ರಿ ಬಾಕ್ಸು ನೆನಪಾಯಿತು.

ಅದೇ ಲೆಕ್ಕದಲ್ಲಿ ಛತ್ತೀಸ್‌ಗಢದ ಸಾಲು ಬೇರೆಯೇ ಕಥೆ ಹೇಳುತ್ತಿತ್ತು. ಅಲ್ಲಿ ಅರ್ಧದಷ್ಟಿದ್ದ ಸೋರಿಕೆ ಏಳೇ ವರ್ಷದಲ್ಲಿ ಶೇ 10ರ ಆಸುಪಾಸಿಗೆ ಬಂದಿತ್ತು. ಏನು ಮಾಡಿದರು? ಖಾಸಗಿ ಡೀಲರುಗಳಿಂದ ಅಂಗಡಿ ಬಿಡಿಸಿ ಗ್ರಾಮ ಪಂಚಾಯಿತಿ, ಸ್ತ್ರೀಶಕ್ತಿ ಗುಂಪಿನಂಥ ಸಂಘಗಳು, ಸಹಕಾರ ಸಂಘಗಳಿಗೆ ಕೊಟ್ಟರು. ಹಳದಿ ಬಣ್ಣದ ಲಾರಿಗಳಲ್ಲಿ ಧಾನ್ಯವನ್ನು ಅಂಗಡಿ ಬಾಗಿಲಿಗೇ ತಂದು ಇಳಿಸಿದರು. ನನ್ನ ಕಣ್ಣು ನಿಂತದ್ದು ಇನ್ನೊಂದು ಕಡೆ. ಅಂಗಡಿಯವರ ಕಮಿಷನ್ನನ್ನು ಕ್ವಿಂಟಲ್‌ಗೆ 8 ರೂಪಾಯಿಯಿಂದ 30 ರೂಪಾಯಿಗೆ ಏರಿಸಿದ್ದರು. ಎಂಟು ರೂಪಾಯಿ! ನೂರು ಕಿಲೋ ಎತ್ತಿ, ಇಳಿಸಿ, ಇಲಿಯಿಂದ ಕಾಪಾಡಿ, ಬಿಡಿಬಿಡಿಯಾಗಿ ತೂಗಿ, ಲೆಕ್ಕ ಬರೆದು ಕೊಟ್ಟರೆ ಎಂಟು ರೂಪಾಯಿ. ಆ ದುಡ್ಡಿನಲ್ಲಿ ಪ್ರಾಮಾಣಿಕವಾಗಿ ಅಂಗಡಿ ನಡೆಸು ಅಂತ ಯಾರಿಗೆ ಹೇಳುವುದು?

ಕ್ಷೇತ್ರಕಾರ್ಯಕ್ಕೆ ಬೇಕೆಂತಲೇ ನಮ್ಮ ತಾಲ್ಲೂಕು ಬಿಟ್ಟು ಬೇರೆ ಎರಡು ತಾಲ್ಲೂಕು ಆರಿಸಿಕೊಂಡೆ. ಮೊದಲ ದಿನವೇ ಪಾಠ. ಅಂಗಡಿಯಲ್ಲಿ ಕೂತು ತೂಕ ನೋಡುತ್ತೇನೆ ಅಂತ ಹೋದೆ. ನನ್ನ ಕುತ್ತಿಗೆಯಲ್ಲಿದ್ದ ಐಡಿ ಕಾರ್ಡು ನೋಡಿದ ಅಂಗಡಿಯವರು ಅವತ್ತು ಎಲ್ಲರಿಗೂ ಒಂದು ಹಿಡಿ ಜಾಸ್ತಿಯೇ ಹಾಕಿದರು. ಕ್ಯೂನಲ್ಲಿದ್ದ ಹೆಂಗಸೊಬ್ಬರು ನನ್ನ ಕಿವಿಯಲ್ಲಿ, "ಪ್ರತಿ ತಿಂಗ್ಳೂ ಬಾರವ್ವ" ಅಂದರು. ಮಾರನೆಯ ದಿನದಿಂದ ಕೊಕ್ಕೆಗೆ ನೇತುಹಾಕಿ ತೂಗುವ ಸಣ್ಣ ಡಿಜಿಟಲ್ ತಕ್ಕಡಿಯನ್ನು ಬ್ಯಾಗಿಗೆ ಹಾಕಿಕೊಂಡು, ಅಂಗಡಿ ಬಿಟ್ಟು ಮನೆಗಳಿಗೆ ಹೋದೆ. ಆಗತಾನೇ ತಂದ ಚೀಲವನ್ನು ಅವರ ಪಡಸಾಲೆಯಲ್ಲೇ ತೂಗುವುದು. 35 ಇರಬೇಕಾದ ಕಡೆ 34 ಬಂದದ್ದಿದೆ, ಸರಿಯಾಗಿ 35 ಬಂದದ್ದೂ ಇದೆ. ಕೆಲವು ಕಡೆ ತೂಕ ಪಕ್ಕಾ, ಆದರೆ "ಸಾಗಣೆ ಖರ್ಚು" ಅಂತ ಹತ್ತೋ ಇಪ್ಪತ್ತೋ ರೂಪಾಯಿ ಇಸಿದುಕೊಂಡಿರುತ್ತಾರೆ. ಕಾರ್ಡಿನವರಿಗೆ ಧಾನ್ಯ ಪೂರ್ತಿ ಉಚಿತ ಅಂತ ಬೋರ್ಡು ಅದೇ ಗೋಡೆಯ ಮೇಲೆ ಇರುತ್ತದೆ.

ಒಬ್ಬ ಅಂಗಡಿಯವರು ಮಾತ್ರ ನನ್ನ ಪ್ರಶ್ನಾವಳಿಯನ್ನು ಕೈಗೆ ತೆಗೆದುಕೊಂಡು ಓದಿ, "ಮೇಡಂ, ಇದ್ರಲ್ಲಿ ಒಂದು ಪ್ರಶ್ನೆ ಬಿಟ್ಟಿದ್ದೀರಿ" ಅಂದರು. "ಏನು ಸರ್?" "ನಮ್ಗೆ ಎಷ್ಟು ಬರುತ್ತೆ ಅಂತ." ಒಳಗೆ ಕರೆದುಕೊಂಡು ಹೋಗಿ ನನ್ನ ಕೈಲೇ ಒಂದು ಚೀಲ ತೂಗಿಸಿದರು. 50 ಕಿಲೋ ಅಂತ ಮುದ್ರೆ ಹೊಡೆದ ಚೀಲ, 49 ಕಿಲೋ ಚಿಲ್ಲರೆ. "ಇದ್ರಲ್ಲಿ ಗೋಣಿದೇ ಅರ್ಧ ಕಿಲೋ ಮೇಲಾಯ್ತಾ? ಹುಕ್ಕು ಚುಚ್ಚಿ ಚುಚ್ಚಿ ಲಾರಿಲಿ ಸುರಿದಿದ್ದು ಲಾರಿಲೇ ಹೋಯ್ತು. ನಾನು 50ಕ್ಕೆ ಸಹಿ ಹಾಕಿದ್ದೀನಿ. ಈಗ ಹೇಳಿ, ಆ ಒಂದೂವರೆ ಕಿಲೋನ ನಾನು ಎಲ್ಲಿಂದ ತಂದು ಕೊಡ್ಲಿ?"

ರಾಜ್ಯದಲ್ಲಿ ಕ್ವಿಂಟಲ್‌ಗೆ 124 ರೂಪಾಯಿ ಇದ್ದ ಕಮಿಷನ್ 2024ರ ಬಜೆಟ್ಟಿನಲ್ಲಿ 150 ಆಯಿತು. ತಿಂಗಳಿಗೆ ನೂರು ಕ್ವಿಂಟಲ್ ಹಂಚುವ ಅಂಗಡಿಗೆ 15 ಸಾವಿರ. ಅದರಲ್ಲೇ ಬಾಡಿಗೆ, ಕರೆಂಟು, ತೂಗುವ ಹುಡುಗನ ಕೂಲಿ. 2023ರ ಜುಲೈನಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿ ಸಿಗದೆ ಸರ್ಕಾರ ತಲೆಗೆ 170 ರೂಪಾಯಿಯಂತೆ ಖಾತೆಗೆ ದುಡ್ಡು ಹಾಕತೊಡಗಿತಲ್ಲ, ಆಗ ನಾವೆಲ್ಲ ಟಿ.ವಿ.ಯಲ್ಲಿ ದುಡ್ಡೋ ಅಕ್ಕಿಯೋ ಅಂತ ಚರ್ಚೆ ನೋಡುತ್ತಿದ್ದೆವು. ಅಂಗಡಿಯವರ ಪಾಲಿಗೆ ಅದು ಅರ್ಧ ಸಂಪಾದನೆ ಹೋದ ಸುದ್ದಿ. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯೇ ಬಂತು. ಅಂಗಡಿಯವರ ಪರ ವಕಾಲತ್ತು ಮಾಡುತ್ತಿದ್ದೇನೆ ಅಂತ ನಿಮಗೆ ಅನ್ನಿಸಬಹುದು. ನಮ್ಮ ಗೈಡ್‌ಗೂ ಹಾಗೇ ಅನ್ನಿಸಿತು. "ಯಾಕೆ ನಿನ್ನ ಅಧ್ಯಾಯದಲ್ಲಿ ಡೀಲರುಗಳಿಗೇ ಇಷ್ಟು ಪುಟ?" ಅಂತ ಕೇಳಿದರು. ಅವರಿಗೆ ಆಗ ನನ್ನ ಅಪ್ಪನ ವಿಷಯ ಗೊತ್ತಿರಲಿಲ್ಲ.

ಆ ವಾರವೇ ಊರಿಗೆ ಹೋದೆ. ಅಪ್ಪನಿಗೆ ಈಗ ಎಪ್ಪತ್ತು ದಾಟಿದೆ. ಮಂಡಿನೋವು ಬಿಟ್ಟರೆ ಗಟ್ಟಿಯಾಗಿದ್ದಾರೆ. ರಾತ್ರಿ ಮುದ್ದೆ ಊಟ. ಹೇಗೆ ಶುರು ಮಾಡುವುದು ಅಂತ ಬಸ್ಸಿನಲ್ಲೆಲ್ಲ ಯೋಚಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಮಾತ್ರ ನೇರವಾಗಿ ಬಂತು.

"ಅಪ್ಪಾ, ನೀನು ಕಾರ್ಡಿಗೆ ಎಷ್ಟು ಕಮ್ಮಿ ತೂಗ್ತಿದ್ದೆ?"

ಅವ್ವ ಸಾರಿನ ಸೌಟನ್ನು ಪಾತ್ರೆಯೊಳಗೇ ಬಿಟ್ಟರು. ಅಪ್ಪ ತುತ್ತು ನುಂಗಿ ನೀರು ಕುಡಿದು, ಎಲೆಯಡಿಕೆ ತಟ್ಟೆ ಎಲ್ಲಿ ಅಂತ ನೋಡಿದರು. "ಊಟದ ಹೊತ್ನಾಗೆ ಅದೆಲ್ಲ ಯಾಕೆ ಪುಟ್ಟಿ?" ಅಂತ ಅವ್ವ. ಅಪ್ಪ ಏನೂ ಹೇಳದೆ ಎದ್ದು ಹೋಗಿ ಜಗುಲಿಯಲ್ಲಿ ಮಲಗಿದರು. ನನಗೆ ನಿದ್ದೆ ಬರಲಿಲ್ಲ. ನೂರಾರು ಜನರನ್ನು ಇದೇ ಪ್ರಶ್ನೆ ಕೇಳಿದ್ದೇನೆ, ಆದರೆ "ನಿಮಗೆ ಇಷ್ಟವಿಲ್ಲದ ಪ್ರಶ್ನೆಗೆ ಉತ್ತರಿಸಬೇಕಾಗಿಲ್ಲ" ಅಂತ ಮೊದಲು ಓದಿ ಹೇಳಿದ ಮೇಲೆ. ಅಪ್ಪನಿಗೆ ಅದನ್ನು ಹೇಳಿರಲಿಲ್ಲ.

ಬೆಳಿಗ್ಗೆ ಏಳುವಷ್ಟರಲ್ಲಿ ಅಟ್ಟದ ಮೇಲಿನ ಟ್ರಂಕು ಅಂಗಳದಲ್ಲಿತ್ತು. ಮಂಡಿನೋವಿನ ಮನುಷ್ಯ ಅದನ್ನು ಹೇಗೆ ಇಳಿಸಿದರೋ. ಒಳಗೆ ಉದ್ದನೆಯ ನೋಟುಬುಕ್ಕುಗಳು, ವರ್ಷಕ್ಕೆ ಒಂದರಂತೆ. ನಾನು ಬರೆಯುತ್ತಿದ್ದ ರಿಜಿಸ್ಟರ್ ಅಲ್ಲ ಇವು. ಅವು ಸರ್ಕಾರಕ್ಕೆ ತೋರಿಸುವವು. ಇವು ಅಪ್ಪ ತಮಗಾಗಿ ಬರೆದುಕೊಂಡವು.

2006ರ ಒಂದು ತಿಂಗಳ ಪುಟ ತೆಗೆದು ಅಪ್ಪ ನನ್ನ ಮುಂದಿಟ್ಟರು. ನಾನು ಕ್ಯಾಲ್ಕುಲೇಟರ್ ತೆಗೆದುಕೊಂಡೆ. ಬಂದದ್ದು 80 ಚೀಲ, ಅಂದರೆ 40 ಕ್ವಿಂಟಲ್. ಚೀಲಕ್ಕೆ ಸರಾಸರಿ ಒಂದು ಕಿಲೋ ಇನ್ನೂರು ಗ್ರಾಂ ಕಮ್ಮಿ. ಹಾಗೆ ಹೋದದ್ದು 96 ಕಿಲೋ. ಕಾರ್ಡು 220. ಕಾರ್ಡಿಗೆ ಒಂದೊಂದು ಕಿಲೋ ಹಿಡಿದದ್ದು, ಅಲ್ಲಿಗೆ 220 ಕಿಲೋ. ಉಳಿದದ್ದು 124. ಅದರಲ್ಲಿ ಹಮಾಲಿ, ಲಾರಿಯವನ ಕೈಖರ್ಚು, ಮತ್ತೊಂದು ಸಾಲಿನಲ್ಲಿ ಬರೀ "ಮಾಮೂಲು" ಅಂತ ಬರೆದ ಮೊತ್ತ, ಎಲ್ಲ ಸೇರಿ 70 ಕಿಲೋ ಅಕ್ಕಿಯ ಬೆಲೆಗೆ ಸಮ. ಕೊನೆಗೆ 54 ಕಿಲೋ. ಅದರ ಮುಂದೆ ಅಪ್ಪನ ಗುಂಡಗಿನ ಅಕ್ಷರದಲ್ಲಿ ಎರಡೇ ಪದ: ಪುಟ್ಟಿ ಹಾಸ್ಟೆಲ್.

ಸುಮಾರು ಹೊತ್ತು ಇಬ್ಬರೂ ಮಾತಾಡಲಿಲ್ಲ. ಮುಕ್ಕಾಲು ಪಾಲು ಲೆಕ್ಕಕ್ಕೆ ಅಪ್ಪನ ಬಳಿ ಉತ್ತರ ಇತ್ತು. ಕಮ್ಮಿ ಬಂದ ಚೀಲ, ಕೊಡಲೇಬೇಕಾದ ಕೈಗಳು. ಆ 54 ಕಿಲೋಗೆ ಅವರು ಉತ್ತರ ಹೇಳಲಿಲ್ಲ, ಹೇಳುವ ಪ್ರಯತ್ನವನ್ನೂ ಮಾಡಲಿಲ್ಲ. ಹೇಳಿದ್ದಿಷ್ಟೆ: "ಎಲ್ರಿಗೂ ಒಂದೇ ಸಮ ಹಿಡೀತಿದ್ದೆ. ಗೌಡ್ರ ಮನೇದೂ ಒಂದು ಕಿಲೋ, ಕಾಲೋನಿದೂ ಒಂದು ಕಿಲೋ." ಅವರ ಧ್ವನಿಯಲ್ಲಿ ಸಣ್ಣ ಹೆಮ್ಮೆ ಇತ್ತು. ನನಗೆ ಅಲ್ಲೇ ರೇಗಿತು. ಗೌಡರ ಮನೆಯಲ್ಲಿ ಒಂದು ಕಿಲೋ ಕಮ್ಮಿಯಾದರೆ ಗೊತ್ತೂ ಆಗುವುದಿಲ್ಲ. ಕಾಲೋನಿಯಲ್ಲಿ ಅದು ಎರಡು ಹೊತ್ತಿನ ಊಟ. "ಒಂದೇ ಸಮ ಹೆಂಗಾಗುತ್ತೆ ಅಪ್ಪ?" ಅಂದೆ. ಅಪ್ಪ ನೋಟುಬುಕ್ಕು ಮುಚ್ಚಿದರು. "ನೀನು ಓದಿದೋಳು. ನೀನೇ ಬರಿ."

ನಾನು ಬರೆಯಬಹುದೇ? ವಿಶ್ವವಿದ್ಯಾಲಯಗಳಲ್ಲಿ ಇದಕ್ಕೊಂದು ಕ್ರಮ ಇದೆ. ಸಂಶೋಧನೆಯಲ್ಲಿ ಭಾಗವಹಿಸುವವರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳಬೇಕು. ಹೆಸರು, ಊರು ಗುಟ್ಟಾಗಿ ಇಡಬೇಕು. ಸಂಶೋಧಕರಿಗೆ ಸ್ವಂತ ಸಂಬಂಧ ಇದ್ದರೆ ಅದನ್ನು ಬಾಯಿಬಿಟ್ಟು ಹೇಳಬೇಕು. ಬೆಂಗಳೂರಿಗೆ ವಾಪಸು ಬಂದು ಗೈಡ್ ಮುಂದೆ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸುತ್ತಾ ಕೂತಿದ್ದರು. ಇಂಥ ದಾಖಲೆ ಯಾರಿಗೂ ಸಿಗುವುದಿಲ್ಲ ಅಂದರು. ಅದೇ ಉಸಿರಿನಲ್ಲಿ, ವಿಷಯವನ್ನು ಇಷ್ಟು ದಿನ ಮುಚ್ಚಿಟ್ಟದ್ದು ತಪ್ಪು ಅಂತಲೂ ಅಂದರು. ಎರಡೂ ಸರಿಯೇ. ಕೊನೆಗೆ ಪೀಠಿಕೆಯಲ್ಲಿ ನಾನು ಪಡಿತರ ಅಂಗಡಿಯವರ ಮಗಳು ಅಂತ ಬರೆಯುವುದು, ನೋಟುಬುಕ್ಕನ್ನು ಹೆಸರಿಲ್ಲದ ಒಬ್ಬ ಡೀಲರನ ಲೆಕ್ಕ ಅಂತ ಒಂದು ಅಧ್ಯಾಯದಲ್ಲಿ ಬಳಸುವುದು ಅಂತ ತೀರ್ಮಾನವಾಯಿತು. ಎರಡನ್ನೂ ಓದಿದವರಿಗೆ ಆ ಡೀಲರ್ ಯಾರು ಅಂತ ಗೊತ್ತಾಗದೇ ಇರುತ್ತದೆಯೇ? ಈ ಮಾತನ್ನು ಅಪ್ಪನಿಗೆ ಬಿಡಿಸಿ ಹೇಳಿದ ಮೇಲೇ ಒಪ್ಪಿಗೆ ಪತ್ರ ಕೈಗೆ ಕೊಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ಸಾಲು ಸಾಲೂ ಓದಿದರು. "ನಷ್ಟ ಆದ್ರೆ ಯಾರಿಗೆ ದೂರು ಕೊಡ್ಬೇಕು ಅಂತಾನೂ ಬರ್ದಿದ್ದೀರಲ್ಲ" ಅಂತ ಆಶ್ಚರ್ಯಪಟ್ಟರು. ಸಹಿ ಹಾಕಿದರು. ಈ ಲೇಖನ ಬರೆಯುವ ಮುಂಚೆಯೂ ಕೇಳಿದೆ. "ಊರಿನ ಹೆಸರು ಹಾಕ್ಬೇಡ, ಅಷ್ಟೆ" ಅಂದರು. ಹಾಕಿಲ್ಲ.

ಅಪ್ಪನ ಲೆಕ್ಕ ಸಿಕ್ಕಿತು. ಆದರೆ ಆ 220 ಕಾರ್ಡಿನವರ ಮಾತು? ಅದನ್ನು ಕೇಳದೆ ಅಧ್ಯಾಯ ಮುಗಿಸಿದರೆ ಅದು ಅರ್ಧ ತೂಕದ್ದೇ ಆಗುತ್ತದೆ ಅನ್ನಿಸಿ, ಮುಂದಿನ ಸಲ ಊರಿಗೆ ಹೋದಾಗ ಮೂಲೆಮನೆ ಅಜ್ಜಿಯ ಹತ್ತಿರ ಹೋದೆ. ಅಂತ್ಯೋದಯ ಕಾರ್ಡು, ಒಬ್ಬರೇ ಇರುವುದು. ನನ್ನ ರಿಜಿಸ್ಟರಿನಲ್ಲಿ ಪ್ರತಿ ತಿಂಗಳೂ ಅವರ ಹೆಬ್ಬೆಟ್ಟು ಒತ್ತಿಸಿಕೊಂಡವಳು ನಾನೇ. 34 ಕಿಲೋಗೆ 35 ಅಂತ ಬರೆದವಳೂ ನಾನೇ.

ಅಜ್ಜಿ ಮೊರದಲ್ಲಿ ಅಕ್ಕಿ ಕೇರುತ್ತಾ ಕೂತಿದ್ದರು. ಮಾತಿನ ನಡುವೆ ಒಂದೊಂದೇ ಬೆಳ್ಳಗಿನ ಕಾಳು ಹೆಕ್ಕಿ ಆಚೆ ಎಸೆಯುತ್ತಿದ್ದರು. "ಪ್ಲಾಸ್ಟಿಕ್ ಅಕ್ಕಿ ಬೆರೆಸವ್ರೆ ಕಣವ್ವ. ನೀರಿಗೆ ಹಾಕಿದ್ರೆ ತೇಲ್ತದೆ." ಅದು ಪ್ಲಾಸ್ಟಿಕ್ ಅಲ್ಲ. ರಕ್ತಹೀನತೆ ತಡೆಯಲು ಸರ್ಕಾರ ಬೆರೆಸುತ್ತಿದ್ದ ಸಾರವರ್ಧಿತ ಅಕ್ಕಿ. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ವಿಟಮಿನ್ ಸೇರಿಸಿ ಕಾಳಿನಂತೆ ಒತ್ತಿ, ನೂರು ಕಾಳಿಗೆ ಒಂದರಂತೆ ಕಲಸಿರುತ್ತಿದ್ದರು. 2021ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಘೋಷಣೆಯಾದ ಯೋಜನೆ. ಅಜ್ಜಿಯ ಅಂಗಳದಲ್ಲಿ ಅದನ್ನು ಕೋಳಿಗಳು ತಿನ್ನುತ್ತಿದ್ದವು. ಇದನ್ನು ನಾನು ಹತ್ತಾರು ಮನೆಗಳಲ್ಲಿ ನೋಡಿದ್ದೇನೆ. ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ ಅನ್ನುತ್ತದೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಕೋಟಿಗಟ್ಟಲೆ ಖರ್ಚಿನ ಯೋಜನೆಯನ್ನು "ಇದು ಏನು ಕಾಳು" ಅಂತ ಒಂದು ಮಾತು ಹೇಳದೆ ಚೀಲಕ್ಕೆ ಸುರಿದರೆ ಜನ ಇನ್ನೇನು ಮಾಡುತ್ತಾರೆ? ಅಜ್ಜಿಗೆ ಬಿಡಿಸಿ ಹೇಳಿದೆ. "ಹಂಗಾ?" ಅಂದರು. ಆಮೇಲೂ ಹೆಕ್ಕುವುದನ್ನು ನಿಲ್ಲಿಸಲಿಲ್ಲ.

ಬಂದ ವಿಷಯ ಹೇಳಿದೆ. ಅಪ್ಪ ಕಾರ್ಡಿಗೆ ಒಂದು ಕಿಲೋ ಹಿಡಿಯುತ್ತಿದ್ದರಂತೆ, ಲೆಕ್ಕ ನೋಡಿದೆ, ನಿಮಗೆ ಗೊತ್ತಿತ್ತಾ ಅಂತ. ಅಜ್ಜಿ ಜೋರಾಗಿ ನಕ್ಕರು.

"ಗೊತ್ತಿಲ್ದೆ ಏನವ್ವ? ಊರಿಗೇ ಗೊತ್ತಿತ್ತು. ನಿಮ್ಮಪ್ಪನ ತಕ್ಕಡಿ ಅಂದ್ರೆ ಒಂದ್ ಕಿಲೋ ಮುಕ್ಕು ಅಂತಾನೇ ಲೆಕ್ಕ. ಆ ವರ್ಷ ಮಳೆ ಇರ್ಲಿಲ್ವಲ್ಲ, ಆಗ ಆ ಒಂದ್ ಕಿಲೋಗೆ ನಾನು ಸಾಬ್ರ ಅಂಗ್ಡೀಲಿ ಸಾಲ ಮಾಡಿದ್ದೀನಿ. ಬಯ್ಕೊಂಡೂ ಇದ್ದೀನಿ. ನಿನ್ನೂ ಸೇರಿಸಿ ಬಯ್ದಿದ್ದೀನಿ." ಸ್ವಲ್ಪ ಹೊತ್ತು ಮೊರ ಅಲ್ಲಾಡಿಸಿ ಮತ್ತೆ ಅಂದರು: "ಈಗ ತೂಕ ಸರಿ ಐತೆ ಬಿಡು. ಬೆಳ್ಳೇ ಒಪ್ಪಾಕಿಲ್ಲ ಅಂತದೆ ಮಿಷನ್ನು."

ಕೈ ಚಾಚಿ ತೋರಿಸಿದರು. ಅರವತ್ತು ವರ್ಷ ಕಳೆ ಕಿತ್ತು, ಪಾತ್ರೆ ಉಜ್ಜಿ, ಕಲ್ಲು ಹೊತ್ತ ಬೆರಳು. ನುಣ್ಣಗೆ, ಗೆರೆಯೇ ಇಲ್ಲ. ನನ್ನ ರಿಜಿಸ್ಟರಿನ ಶಾಯಿಗೆ ಗೆರೆ ಇದ್ದರೂ ಆಗುತ್ತಿತ್ತು, ಇಲ್ಲದಿದ್ದರೂ ಆಗುತ್ತಿತ್ತು. ಯಂತ್ರಕ್ಕೆ ಆಗುವುದಿಲ್ಲ. ಎರಡು ತಿಂಗಳಿಂದ ಅಜ್ಜಿಗೆ ಅಕ್ಕಿಯೂ ಇಲ್ಲ, ರಾಗಿಯೂ ಇಲ್ಲ. ಈಗ ಕೇರುತ್ತಿದ್ದದ್ದು ಪಕ್ಕದ ಮನೆಯವರು ಕೊಟ್ಟದ್ದು. ನಮ್ಮ ಸಂಶೋಧನೆಯ ಭಾಷೆಯಲ್ಲಿ ಇದು ಸೋರಿಕೆ ಅಲ್ಲ. ಬೆರಳು ಒತ್ತದಿದ್ದರೆ ಧಾನ್ಯ ಅಂಗಡಿಯಲ್ಲೇ ಉಳಿಯುತ್ತದೆ, ಉಳಿದದ್ದು ಮುಂದಿನ ತಿಂಗಳ ಸ್ಟಾಕಿನಲ್ಲಿ ಕಳೆದುಹೋಗುತ್ತದೆ, ಲೆಕ್ಕ ಚೊಕ್ಕ. ನನ್ನ ಕೋಷ್ಟಕದಲ್ಲಿ ಅಜ್ಜಿಗೆ ಕಾಲಂ ಇರಲಿಲ್ಲ.

ಬೆರಳು ಹೊಂದದ ಕಾರಣಕ್ಕೆ ಯಾರಿಗೂ ಪಡಿತರ ನಿರಾಕರಿಸಬಾರದು ಅಂತ ಕೇಂದ್ರ ಸರ್ಕಾರ 2017ರ ಅಕ್ಟೋಬರಿನಲ್ಲೇ ರಾಜ್ಯಗಳಿಗೆ ಸೂಚನೆ ಕಳಿಸಿದೆ. ಈ ಲೇಖನ ಓದುತ್ತಿರುವ ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇಂಥ ವಯಸ್ಸಾದವರಿದ್ದರೆ ದಯವಿಟ್ಟು ಇದನ್ನು ನೆನಪಿಡಿ. ಬೆರಳು ಬಾರದವರಿಗೆ ಬೇರೆ ಏನು ವ್ಯವಸ್ಥೆ ಇದೆ ಅಂತ ಅಂಗಡಿಯಲ್ಲಿ ಕೇಳಿ. ಅಲ್ಲಿ ಆಗದಿದ್ದರೆ ತಾಲ್ಲೂಕು ಕಚೇರಿಯ ಆಹಾರ ಶಾಖೆಯಲ್ಲಿ ಲಿಖಿತವಾಗಿ ಅರ್ಜಿ ಕೊಟ್ಟು ಹಿಂಬರಹ ಪಡೆಯಿರಿ. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಲೆಕ್ಕವಿಲ್ಲ.

ಅಜ್ಜಿಯ ಅರ್ಜಿ ಬರೆದವರು ಅಪ್ಪ. ನಾನು ಬರೆಯುತ್ತೇನೆ ಅಂದರೂ ಕೇಳಲಿಲ್ಲ. ಇಪ್ಪತ್ತು ವರ್ಷ ಆ ಕಚೇರಿಗೆ ಅಲೆದವರು, ಯಾವ ಟೇಬಲ್ಲಿಗೆ ಏನು ಬರೆಯಬೇಕು ಅಂತ ನನಗಿಂತ ಚೆನ್ನಾಗಿ ಗೊತ್ತು. ಅಜ್ಜಿಯನ್ನು ಆಟೋದಲ್ಲಿ ಕೂರಿಸಿಕೊಂಡು ತಾವೇ ಹೋದರು. ಮೂರು ಸಲ ಹೋಗಬೇಕಾಯಿತು. ಮೂರನೇ ಸಲಕ್ಕೆ ಕೆಲಸ ಆಯಿತು. ದಾರಿಯಲ್ಲಿ ಇಬ್ಬರೂ ಏನು ಮಾತಾಡಿಕೊಂಡರು ಅಂತ ಕೇಳಿದೆ. "ಮಾತೇನು? ಆಟೋ ಸದ್ದಲ್ಲಿ ಏನೂ ಕೇಳ್ಸಲ್ಲ" ಅಂದರು ಅಪ್ಪ.

ಆ ಅಧ್ಯಾಯ ಈಗ ಮುಗಿದಿದೆ. ಇಂಗ್ಲಿಷಿನಲ್ಲಿದ್ದದ್ದನ್ನು ಹೋದ ಭಾನುವಾರ ಅಪ್ಪನಿಗೆ ಕನ್ನಡದಲ್ಲಿ ಹೇಳುತ್ತಾ ಓದಿದೆ. ಕಮ್ಮಿ ಬಂದ ಚೀಲ, ಹಮಾಲಿ, ಮಾಮೂಲು, ಕಾರ್ಡಿಗೆ ಹಿಡಿದ ಒಂದು ಕಿಲೋ, ಆ 54 ಕಿಲೋ. ಅಜ್ಜಿಯ ಸಾಲದ ಮಾತನ್ನೂ ಬಿಡಲಿಲ್ಲ. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದರು. ನಿದ್ದೆ ಹೋದರೇನೋ ಅಂದುಕೊಂಡೆ. ಮುಗಿದ ಮೇಲೆ ಒಂದೇ ಮಾತು ಹೇಳಿದರು.

"ಹಮಾಲಿ ಆ ವರ್ಷ ಚೀಲಕ್ಕೆ ಎರಡು ರೂಪಾಯಿ ಅಂತ ಹಾಕಿದ್ದೀಯ. ಎರಡೂವರೆ. ನೋಡ್ಕೋ."

ಟ್ರಂಕಿನಿಂದ ನೋಟುಬುಕ್ಕು ತೆಗೆದು ನೋಡಿದೆ. ಎರಡೂವರೆಯೇ ಇತ್ತು. ತಿದ್ದಿದೆ.